ಹಸ್ತದ ಮಳೆಯೂ ಅಡಿಕೆಯ ಅಂಗಳವೂ

ಒಂದೇ ಮನೆಯಿಂದ ಎರಡು ಪ್ರಾರ್ಥನೆಗಳು ಹೊರಟರೆ ವರುಣದೇವನು ಯಾವುದಕ್ಕೆ ಕಿವಿಗೊಡಬೇಕು? ಚನ್ನಗಿರಿ ಸೀಮೆಯ ತ್ಯಾವಣಿಗೆಯ ಕಡೆ, ಸೆಪ್ಟೆಂಬರಿನ ಕೊನೆಗೆ ಹಸ್ತದ ಮಳೆ ಹೂಡುವ ವೇಳೆಗೆ ಈ ಪ್ರಶ್ನೆ ಏಳುತ್ತದೆ.

1960ರ ದಶಕದಲ್ಲಿ ಭದ್ರಾ ಜಲಾಶಯವು ಪೂರ್ಣಗೊಂಡು, ನಾಲೆಯ ನೀರಿನಿಂದ ಈ ಸೀಮೆಯಲ್ಲಿ ಬತ್ತವೂ ಅಡಿಕೆಯೂ ಹಬ್ಬಿದುವು. ಉಪನಾಲೆಯ ಕೊನೆಯಂಚಿನಲ್ಲಿ ಗದ್ದೆಯುಳ್ಳ ಯಜಮಾನರು, ತೆನೆಗಟ್ಟುವ ಕಾಲವೆಂದು ಮುಗಿಲಿಗೆ ಕೈಮುಗಿಯುತ್ತಾರೆ. ಮನೆಯೊಡತಿಯೋ, ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಹರವಿದ ಅಡಿಕೆಯನ್ನು ನೋಡುತ್ತ, "ಇನ್ನೆರಡು ಬಿಸಿಲು ಕೊಡಪ್ಪಾ" ಎಂದು ಬೇಡುತ್ತಾರೆ.

ಇದು ಗಂಡಹೆಂಡಿರ ಹಟವಲ್ಲ. ಗದ್ದೆ ಒಣಗಿದರೆ ಕಣಜ ಬರಿದು. ಅಡಿಕೆ ನೆನೆದರೆ ಬೂಷ್ಟು ಹಿಡಿದು ಬಣ್ಣಗೆಡುತ್ತದೆ. ಚನ್ನಗಿರಿಯ ಪೇಟೆಯಲ್ಲಿ ಬೆಲೆ ಇಳಿಯುತ್ತದೆ. ವರ್ಷದ ಸಾಲ ಇದ್ದಂತೆಯೇ ಉಳಿಯುತ್ತದೆ.

ಆದುದರಿಂದ ಮೊದಲ ಹನಿ ಬಿದ್ದೊಡನೆ ಯಜಮಾನರು ಒಳಗೊಳಗೇ ಹಿಗ್ಗುತ್ತ, ಮೋರೆಯನ್ನು ಗಂಟಿಕ್ಕಿಕೊಂಡು ಅಡಿಕೆ ಬಾಚಲು ಓಡುತ್ತಾರೆ. ಮಕ್ಕಳು ಬುಟ್ಟಿ ತರುತ್ತವೆ. ಅಜ್ಜಿ ಟಾರ್ಪಾಲಿನ ತುದಿ ಹಿಡಿಯುತ್ತಾರೆ. ಎಲ್ಲರೂ ಸೇರಿ ಮಳೆಯನ್ನು ಬೈಯುತ್ತಾರೆ. ಆದರೆ ಮೆಲ್ಲಗೆ, ಅದಕ್ಕೆ ಕೇಳಿಸದಂತೆ. ಅಡಿಕೆ ಒಳಸೇರಿದ ಮೇಲೆ, ಯಾರ ಪ್ರಾರ್ಥನೆ ಫಲಿಸಿತೆಂದು ಆ ಮನೆಯಲ್ಲಿ ಒಬ್ಬರೂ ಕೇಳುವುದಿಲ್ಲ.