ಎಣ್ಣೆ ಎಲ್ಲಿಂದ ಸೋರುತ್ತಿದೆ?

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಮಕ್ಕಳಿಗೆ ಹಳೆ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನಿಮ್ಮ ಸಾಧನೆಯ ಬಗ್ಗೆ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ನನ್ನದು ಗ್ಯಾರೇಜು. ಸಾಧನೆ ಅಂತ ಹೇಳಿಕೊಳ್ಳುವುದಕ್ಕಿಂತ ಮಾಡಿದ ಒಂದು ಕೆಲಸವನ್ನು ಬಿಡಿಸಿ ಹೇಳುತ್ತೇನೆ ಎಂದು ಒಪ್ಪಿಸಿಕೊಂಡು ಬಂದಿದ್ದೇನೆ. ನನ್ನ ದೊಡ್ಡಪ್ಪನ ಯೆಜ್ಡಿ ರೋಡ್‌ಕಿಂಗ್ ಗಾಡಿಯಿಂದ ಎಣ್ಣೆ ಸೋರುತ್ತಿತ್ತು. ಎಲ್ಲಿಂದ ಸೋರುತ್ತದೆ ಎಂದು ಹುಡುಕಿ ನಿಲ್ಲಿಸಿದೆ. ಅಷ್ಟೇ ವಿಷಯ.

ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ ಎಂಬುದು ಇಲ್ಲಿ ಎಷ್ಟು ಮಕ್ಕಳಿಗೆ ಗೊತ್ತುಂಟೋ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಅಂದಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಂದದಲ್ಲಿ ಕಟ್ಟಿದ್ದು. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ಮೊದಲು ಜಾವಾ ಹೆಸರಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಲ್ಲಿ ಗಾಡಿ ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ ಜಾವಾ, ಯೆಜ್ಡಿ ಹೆಸರುಗಳು ಮತ್ತೆ ರಸ್ತೆಗೆ ಬಂದಿವೆ, ಆದರೆ ಅವು ನಾಲ್ಕು ಸ್ಟ್ರೋಕಿನವು. ಹಳೆಯದು ಎರಡು ಸ್ಟ್ರೋಕು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಶಬ್ದ ಕೇಳಿದರೆ ಯಾರ ಮನೆಗೆ ಯಾರು ಬಂದರು ಎಂದು ಗೇಟಿಗೆ ಬರುವ ಮೊದಲೇ ಗೊತ್ತಾಗುತ್ತಿತ್ತು.

ಎರಡು ಸ್ಟ್ರೋಕ್ ಎಂದರೆ ನಿಮಗೆ ಹೊಸದಲ್ಲ. ನಿಮ್ಮ ಮನೆಯ ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುತ್ತೀರಲ್ಲ, ಅದೇ. ಈ ಗಾಡಿಗೆ ನಾವು ಲೀಟರಿಗೆ ಸುಮಾರು 40 ಮಿಲಿಲೀಟರ್ ಹಾಕುತ್ತಿದ್ದೆವು. ಆ ಎಣ್ಣೆ ಪೆಟ್ರೋಲಿನೊಟ್ಟಿಗೆ ಒಳಗೆ ಹೋಗಿ ಉರಿದು ಹೊಗೆಯಾಗುತ್ತದೆ. ಅದು ಬೇರೆ. ಗೇರ್ ಮತ್ತು ಕ್ಲಚ್ ಮುಳುಗಿರುವುದು ಬೇರೆ ಎಣ್ಣೆಯಲ್ಲಿ. ಈ ಎರಡು ಎಣ್ಣೆಗಳ ನಡುವೆ ಗೋಡೆಯಂತೆ ನಿಂತಿರುವುದು ಕ್ರ್ಯಾಂಕಿನ ಸೀಲು, ಒಂದು ರಬ್ಬರ್ ಬಳೆ. ನಮ್ಮ ಕಥೆಯೆಲ್ಲ ಆ ಬಳೆ ಸರಿ ಉಂಟೋ ಇಲ್ಲವೋ ಎಂಬುದರ ಮೇಲೆ ನಿಂತಿತ್ತು.

ಯಾಕೆಂದರೆ ದೊಡ್ಡಪ್ಪ ಅದನ್ನು ಮೊದಲು ತೋರಿಸಿದ ಕಡೆ, ಕ್ರ್ಯಾಂಕ್ ಸೀಲು ಹೋಗಿದೆ, ಇಂಜಿನ್ ಎರಡು ಭಾಗ ಮಾಡಬೇಕು ಎಂದಿದ್ದರು. ಅದಕ್ಕೆ ಹೇಳಿದ ಖರ್ಚು ಕೇಳಿ ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ, "ಅಪ್ಪ, ಗುಜರಿಗೆ ಕೊಟ್ಟುಬಿಡಿ, ಅಂಗಳದ ಸಿಮೆಂಟು ಹಾಳಾಗುವುದು ಬೇಡ" ಎಂದ. ಗುಜರಿಯವನು ಒಮ್ಮೆ ಬಂದು ನೋಡಿಯೂ ಹೋದ. ದೊಡ್ಡಪ್ಪ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬೆಳಿಗ್ಗೆ ಪೇಪರ್ ಓದಿ ಮುಗಿಸಿ, ಅದನ್ನೇ ಗಾಡಿಯ ಅಡಿಗೆ ಹಾಸುತ್ತಿದ್ದರು. ಪಾಪ, ವಯಸ್ಸು ಎಪ್ಪತ್ತೆಂಟು. ಅಡಿಕೆ, ಕಾಳುಮೆಣಸಿನ ಲೆಕ್ಕಕ್ಕೆ ಆ ಗಾಡಿಯಲ್ಲೇ ಘಾಟಿ ಹತ್ತಿ ಇಳಿದವರು.

ಸಿಮೆಂಟಿನ ಮಾತು ಬಿಡಿ. ನನಗೆ ಹೆದರಿಕೆ ಇದ್ದದ್ದು ಬೇರೆ ವಿಷಯಕ್ಕೆ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದೆ ಇರುವುದು ಹಿಂಚಕ್ರ. ಟಯರಿನ ಎಡಮಗ್ಗುಲಿಗೆ ಎಣ್ಣೆಯ ಪಸೆ ಹಿಡಿದಿತ್ತು. ಚಾರ್ಮಾಡಿಯ ತಿರುವಿನಲ್ಲಿ ಮಳೆಗಾಲದಲ್ಲಿ ಎಡಕ್ಕೆ ವಾಲಿದಾಗ ಆ ಮಗ್ಗುಲೇ ರಸ್ತೆಗೆ ತಾಗುವುದು. ಆಚೆ ಕಡೆ ಏನುಂಟೆಂದು ನಿಮಗೆ ಹೇಳಬೇಕಾಗಿಲ್ಲ.

ನಾನು ಮೊದಲು ಕೇಳಿದ್ದು ಹಳೆ ಪೇಪರುಗಳನ್ನು. ದೊಡ್ಡಮ್ಮ ಅವನ್ನು ಒಲೆಗೆ ಹಾಕಲು ಕಟ್ಟಿಟ್ಟಿದ್ದರು. ಬಿಡಿಸಿ ನೋಡಿದರೆ ಕೆಲವು ದಿನ ಎಂಟಾಣೆಯಷ್ಟು ಅಗಲದ ಎರಡು ಮೂರು ಕಲೆ. ಕೆಲವು ದಿನ ಅಂಗೈ ಅಗಲ. ಎರಡು ಲೆಕ್ಕ ಏಕೆ? ವಿಚಾರಿಸಿದಾಗ ಗೊತ್ತಾಯಿತು. ಮೊಣಕಾಲು ನೋವಿದ್ದ ದಿನ ದೊಡ್ಡಪ್ಪ ನಡುಸ್ಟ್ಯಾಂಡು ಹಾಕುತ್ತಿರಲಿಲ್ಲ, ಸೈಡ್ ಸ್ಟ್ಯಾಂಡಿನಲ್ಲೇ ಬಿಡುತ್ತಿದ್ದರು. ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಎಡಕ್ಕೆ ವಾಲುತ್ತದೆ, ಒಳಗಿನ ಎಣ್ಣೆ ಎಡಗಡೆ ಏರುತ್ತದೆ. ಹಾಗಾದರೆ ತೂತು ಎಡಗಡೆಯಲ್ಲಿ, ಮಾಮೂಲು ಎಣ್ಣೆಮಟ್ಟಕ್ಕಿಂತ ತುಸು ಮೇಲೆ ಇರಬೇಕು. ಗಾಡಿ ಮುಟ್ಟುವ ಮೊದಲೇ ಇಷ್ಟು ಸಿಕ್ಕಿತು.

ಕ್ರ್ಯಾಂಕ್ ಸೀಲಿನ ಮಾತು ನಿಜವೋ ನೋಡಬೇಕಿತ್ತಲ್ಲ. ಕ್ಲಚ್ ಕಡೆಯ ಆ ಸೀಲು ಹೋದರೆ ಎಣ್ಣೆ ಹೊರಗೆ ಸೋರುವುದಿಲ್ಲ, ಇಂಜಿನ್ನೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ನೆಲ ಒಣಗಿದ್ದರೂ ಗೇರ್ ಎಣ್ಣೆ ಇಳಿಯುತ್ತದೆ, ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತದೆ, ಪ್ಲಗ್ಗು ಒದ್ದೆಯಾಗುತ್ತದೆ. ಕೆಲವೊಮ್ಮೆ ಗೇರ್ ಎಣ್ಣೆಗೆ ಪೆಟ್ರೋಲಿನ ವಾಸನೆಯೂ ಹಿಡಿಯುತ್ತದೆ. ಇಲ್ಲಿ ಹೊಗೆ ಮಾಮೂಲು. ಪ್ಲಗ್ಗು ಒಣಗಿ ಕಂದು ಬಣ್ಣ. ಎಣ್ಣೆ ಇಳಿಸಿ ಮೂಸಿದರೆ ಪೆಟ್ರೋಲಿಲ್ಲ. ಆದರೆ ಬಣ್ಣ ಮಾತ್ರ ಹಾಲು ಕಡಿಮೆ ಹಾಕಿದ ಚಹಾದ ಹಾಗೆ. ನೀರು ಬೆರೆತಿದೆ. ಬಿಸಿಯಾದ ಗೇರ್ ಬಾಕ್ಸು ತಣಿಯುವಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಮಳೆಯಲ್ಲಿ ನಿಂತ ಗಾಡಿಯಾದರೆ ನೀರನ್ನೇ ಎಳೆಯುತ್ತದೆ. ತೇವದ ಹವೆಯಿಂದಲೂ ಸ್ವಲ್ಪ ಹೀಗಾಗುವುದುಂಟು, ಆದ್ದರಿಂದ ಇದೊಂದನ್ನೇ ನಂಬಬಾರದು. ಆದರೂ ಎಣ್ಣೆ ಹೊರಗೆ ಬರುವ ದಾರಿಯಲ್ಲೇ ನೀರು ಒಳಗೆ ಹೋಗಿದೆ ಎಂದು ನನಗೆ ಅನಿಸಿತು.

ಮತ್ತೆ ತೊಳೆಯುವ ಕೆಲಸ. ಮಕ್ಕಳೇ, ಸೋರುವಿಕೆ ಹುಡುಕುವಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಹಿಂದೆ ಸೀಮೆಎಣ್ಣೆ ಇತ್ತು, ಈಗ ಸಿಗುವುದು ಕಷ್ಟ, ಡೀಸೆಲಿನಲ್ಲಿ ತೊಳೆದೆ. ಹಳೇ ಬ್ರಷ್ಷು, ತೆಂಗಿನ ನಾರು, ಆಮೇಲೆ ಸೋಪಿನ ನೀರು, ಆಮೇಲೆ ಬಿಸಿಲು. ಯಾರೋ ಹಿಂದೆ ಕ್ಲಚ್ ಕವರಿನ ಸುತ್ತ ಸಿಲಿಕೋನ್ ಅಂಟು ಮೆತ್ತಿದ್ದರು, ದೋಸೆ ಹಿಟ್ಟಿನ ಹಾಗೆ. ಅದನ್ನು ಕೆರೆದು ತೆಗೆದೆ. ಇದು ಕೆಟ್ಟ ಅಭ್ಯಾಸ. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕುತ್ತದೆ, ಚೂರಾಗಿ ಎಣ್ಣೆಯಲ್ಲಿ ತಿರುಗುತ್ತದೆ.

ಹೊಸ ಎಣ್ಣೆ ಹಾಕಿ, ಒಣಗಿದ ಇಂಜಿನ್ನಿನ ಎಡಮಗ್ಗುಲಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಊದಿದೆ. ದೊಡ್ಡಮ್ಮನಿಗೆ ನಗು. ಹತ್ತು ನಿಮಿಷ ಗಾಡಿ ಓಡಿಸಿ ಬಂದು ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಟಾರ್ಚು ಹಿಡಿದು ಕೂತೆ. ಹನಿ ಬೀಳುತ್ತಿದ್ದದ್ದು ಅಡಿಯ ಡ್ರೈನ್ ಬೋಲ್ಟಿನ ತುದಿಯಿಂದ. ಎಲ್ಲರೂ ದೂರುತ್ತಿದ್ದದ್ದು ಆ ಬೋಲ್ಟನ್ನೇ. ಆದರೆ ಪೌಡರಿನ ಮೇಲೆ ಸ್ಪಷ್ಟ ಗೆರೆಯೊಂದು ಮೂಡಿತ್ತು: ಕಿಕ್ಕರಿನ ಬುಡದಿಂದ ಹೊರಟು, ಕವರಿನ ಅಂಚು ಹಿಡಿದು, ಸುತ್ತು ಹಾಕಿ, ಅಡಿಗೆ ಬಂದು ಬೋಲ್ಟಿನಲ್ಲಿ ತೊಟ್ಟಿಕ್ಕುತ್ತಿತ್ತು.

ಯೆಜ್ಡಿಯಲ್ಲಿ ಗೇರ್ ಹಾಕುವ ಪೆಡಲೇ ಕಿಕ್ಕರು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರಾಗುತ್ತದೆ. ಅಂದರೆ ಆ ಒಂದು ಶಾಫ್ಟು ತಿರುಗುತ್ತದೆ, ಒಳಗೆ ಹೊರಗೆ ಜಾರುತ್ತದೆ, ಗೇರಿಗೂ ಅಲುಗುತ್ತದೆ. ಶಾಫ್ಟು ಉಕ್ಕು, ಕವರು ಅಲ್ಯುಮಿನಿಯಂ. ಮೂವತ್ತು ಚಿಲ್ಲರೆ ವರ್ಷದ ತುಳಿತಕ್ಕೆ ಮೆತ್ತಗಿನದು ಸವೆಯಿತು. ಪೆಡಲ್ ಬಿಚ್ಚಿ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದರೆ ಲಟಲಟ. ದುಂಡಗಿನ ತೂತು ಮೊಟ್ಟೆಯಾಕಾರ ಆಗಿತ್ತು. ಇಂಥದಕ್ಕೆ ಎಷ್ಟು ಹೊಸ ರಬ್ಬರ್ ಹಾಕಿದರೂ ನಿಲ್ಲುವುದಿಲ್ಲ; ಶಾಫ್ಟೇ ಒಂದು ಬದಿಗೆ ವಾಲಿದರೆ ರಬ್ಬರ್ ಇನ್ನೊಂದು ಬದಿಗೆ ಬಾಯಿ ಬಿಡುತ್ತದೆ.

ಕವರನ್ನು ಲೇತಿನವರಲ್ಲಿಗೆ ಒಯ್ದೆ. ತೂತನ್ನು ಸ್ವಲ್ಪ ದೊಡ್ಡದಾಗಿ, ನೇರವಾಗಿ ಕೊರೆದು, ಗನ್‌ಮೆಟಲ್ ಬುಷ್ ಕೂರಿಸುವುದೆಂದು ತೀರ್ಮಾನ. ಇಲ್ಲಿ ನಿಮ್ಮ ವಿಜ್ಞಾನದ ಪಾಠ ಬರುತ್ತದೆ. ಬಿಸಿಗೆ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಗನ್‌ಮೆಟಲಿಗಿಂತಲೂ ಹೆಚ್ಚು. ಕವರನ್ನು ಕುದಿಯುವ ನೀರಿನಲ್ಲಿಟ್ಟು ತೆಗೆದರೆ ತೂತು ಅಗಲವಾಗುತ್ತದೆ, ತಣ್ಣಗಿನ ಬುಷ್ ಒತ್ತಿದರೆ ಇಳಿಯುತ್ತದೆ, ತಣಿದಾಗ ಕವರೇ ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ಇಂಜಿನ್ ಬಿಸಿಯಾದಾಗಲೂ ಕವರು ಹೆಚ್ಚು ಹಿಗ್ಗುತ್ತದಲ್ಲ? ಹಾಗಾಗಿ ಬುಷ್ಷು ಮೊದಲೇ ಬಿಗಿಯಾಗಿರಬೇಕು, ಇಲ್ಲದಿದ್ದರೆ ಘಾಟಿ ಹತ್ತುವಾಗ ಸಡಿಲಾಗುತ್ತದೆ. ಆ ಅಳತೆ ಪುಸ್ತಕದಲ್ಲಿ ಸಿಗುತ್ತದೆ, ಕೈಯಲ್ಲಿ ಬರುವುದು ಲೇತಿನವರಿಗೆ. ಹೊಸ ಸೀಲು, ಹೊಸ ಪ್ಯಾಕಿಂಗ್ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಒಟ್ಟು ಖರ್ಚು ಒಂದು ಸಾವಿರದೊಳಗೆ. ಇಂಜಿನ್ ಬಿಚ್ಚಲಿಲ್ಲ.

ಒಂದು ವಾರ ಪೇಪರ್ ಹಾಸಿ ನೋಡಿದೆವು. ಆಮೇಲೆ ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಕೊಟ್ಟಿಗೆಹಾರಕ್ಕೆ ಹೋದೆ. ನೀರುದೋಸೆ ತಿಂದು ಇಳಿಯುವಾಗ ಪ್ರತಿ ಇಳಿಜಾರಿನಲ್ಲೂ ಬೆನ್ನಿಗೆ ತಟ್ಟಿ, "ಎಕ್ಸಿಲೇಟರ್ ಕೊಡು ಮಾರಾಯಾ" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿ. ಈ ಇಂಜಿನ್ನಿಗೆ ಎಣ್ಣೆ ಹೋಗುವುದೇ ಪೆಟ್ರೋಲಿನೊಟ್ಟಿಗೆ. ಎಕ್ಸಿಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲಿ ಉದ್ದಕ್ಕೆ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಎಣ್ಣೆ ಮಾತ್ರ ತಲುಪುವುದಿಲ್ಲ. ಅಣ್ಣಪ್ಪನ ಗುಡಿಯ ಹತ್ತಿರ ನಿಲ್ಲಿಸಿ ಕೈಮುಗಿದರು, ಬಗ್ಗಿ ಎಡಮಗ್ಗುಲಿಗೆ ಬೆರಳು ತಾಗಿಸಿ ನೋಡಿದರು, ಬೆರಳನ್ನು ನನಗೂ ತೋರಿಸಿದರು. ಒಣಗಿತ್ತು. ಗುಜರಿಯವನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಪೂರ್ತಿ ನಿಂತಿತೇ ಎಂದು ಕೇಳಿದರೆ, ಕವರಿನ ಕಡೆ ನಿಂತಿತು. ಈಗ ವಾರಕ್ಕೊಂದು ಹನಿ ಬೇರೆ ಕಡೆಯಿಂದ ಬೀಳುತ್ತದೆ; ಹಿಂದಿನ ಚೈನಿನ ಸಣ್ಣ ಸ್ಪ್ರಾಕೆಟ್ಟಿನ ಸೀಲೆಂದು ನನ್ನ ಅಂದಾಜು, ಇನ್ನೂ ಬಿಚ್ಚಿ ನೋಡಿಲ್ಲ. ಗಾಡಿಯನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿದ್ದೇನೆ, ಅಡಿಗೆ ಇವತ್ತಿನ ಪೇಪರ್ ಹಾಸಿದೆ. ಪೌಡರ್ ಡಬ್ಬವೂ ತಂದಿದ್ದೇನೆ. ಊಟದ ಗಂಟೆಯಲ್ಲಿ ಬನ್ನಿ, ಹನಿ ಎಲ್ಲಿಂದ ಹೊರಡುತ್ತದೆಂದು ನೀವೇ ಹುಡುಕಿ ಹೇಳಿ. ಸೈಲೆನ್ಸರ್ ಮಾತ್ರ ಮುಟ್ಟಬೇಡಿ, ಇನ್ನೂ ಬಿಸಿ ಉಂಟು.