ಮುಟ್ಟಿ ಕಲಿಯುವ ವಿದ್ಯೆ

(ಆಡೂರಿನಲ್ಲಿ, ರಜೆಗೆ ಊರಿಗೆ ಬಂದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಕೆಲವರು ಇಂಜಿನಿಯರಿಂಗ್ ಸೇರುವವರಿದ್ದೀರಿ. ಎಲೆಕ್ಟ್ರಾನಿಕ್ಸ್ ತಗೋಬೇಕೋ ಕಂಪ್ಯೂಟರ್ ತಗೋಬೇಕೋ ಎಂದು ಕೇಳಿದಿರಿ. ಒಬ್ಬ ತಮ್ಮ ಸಣ್ಣ ದನಿಯಲ್ಲಿ ಕೇಳಿದ: "ಅಣ್ಣಾ, ಹಾವೇರಿ ಕಾಲೇಜು ಸಣ್ಣದು. ಅಲ್ಲಿ ಓದಿದ್ರ ಏನರ ಆಕ್ಕೈತೇನು?"

ಮೊದಲು ಅವನಿಗೆ ಉತ್ತರ. ಹಾವೇರಿ ಹತ್ತಿರ ದೇವಗಿರಿಯಲ್ಲಿರುವ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಶುರುವಾದದ್ದು. ನೀವು ಕೇಳಿದ ಎರಡೂ ವಿಭಾಗ ಅಲ್ಲಿವೆ. ಅದು ಸೇರಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಅದರಡಿಯಲ್ಲಿ ಸ್ವಾಯತ್ತವಲ್ಲದ ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಧಾರವಾಡದ ಐಐಟಿ ಕೂಡ 2016ರಲ್ಲಿ ವಾಲ್ಮಿಯ ಕಟ್ಟಡದಲ್ಲಿ ಮೂರೇ ವಿಭಾಗದಿಂದ ಶುರುವಾಯಿತು. ಸಣ್ಣದು ಅಂತ ಅಳುಕಬೇಡಿ.

ಇನ್ನು ಎಲೆಕ್ಟ್ರಾನಿಕ್ಸೋ ಕಂಪ್ಯೂಟರೋ? ಎರಡರ ಬೇರೂ ಒಂದೇ. ಎರಡು ಸ್ವಿಚ್ಚು ಒಂದರ ಹಿಂದೊಂದು ಹಾಕಿರಿ. ಎರಡೂ ಒತ್ತಿದರೇನೇ ದೀಪ ಹತ್ತುತ್ತದೆ. ಅಕ್ಕಪಕ್ಕ ಹಾಕಿರಿ, ಯಾವುದಾದರೂ ಒಂದು ಒತ್ತಿದರೆ ಸಾಕು. ಮೊದಲನೆಯದು 'ಮತ್ತು', ಎರಡನೆಯದು 'ಅಥವಾ'. ಇಂಥ ಸ್ವಿಚ್ಚುಗಳೇ ಟ್ರಾನ್ಸಿಸ್ಟರಿನ ರೂಪದಲ್ಲಿ ಕೋಟಿಗಟ್ಟಲೆ ಸೇರಿದರೆ ಕಂಪ್ಯೂಟರ್.

ಈ 'ಮತ್ತು', 'ಅಥವಾ'ಗಳಿಗೆ 1847ರಲ್ಲಿ ಲೆಕ್ಕ ಕಟ್ಟಿದವನು ಇಂಗ್ಲೆಂಡಿನ ಜಾರ್ಜ್ ಬೂಲ್. ಬೂಟು ಹೊಲಿಯುವವನ ಮಗ. ಕಾಲೇಜಿನಲ್ಲಿ ಓದಿದವನಲ್ಲ. 16ನೇ ವಯಸ್ಸಿಗೇ ಮನೆ ಸಾಕಲು ಮಾಸ್ತರಿಕೆ ಹಿಡಿದ. 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಆಗತಾನೆ ತೆರೆದ ಕಾಲೇಜಿಗೆ ಗಣಿತದ ಪ್ರಾಧ್ಯಾಪಕನಾದ. ಅವನ ಲೆಕ್ಕವನ್ನೇ 1937ರಲ್ಲಿ ಅಮೆರಿಕದ ವಿದ್ಯಾರ್ಥಿ ಕ್ಲಾಡ್ ಶಾನನ್ ಸ್ವಿಚ್ಚುಗಳಿಗೆ ಹೊಂದಿಸಿ ತೋರಿಸಿದ. ಬೂಲ್‌ನ ಮನೆಯಲ್ಲಿ ಬಡತನ ಇತ್ತು, ಮೈಲಿಗೆ ಇರಲಿಲ್ಲ. ನಮಗೆ ಎರಡೂ ಇದ್ದವು.

ಆ ಎರಡನೆಯದು ಲ್ಯಾಬಿನೊಳಗೂ ಬರುತ್ತದೆ. ನನ್ನದೇ ಕಥೆ ಹೇಳುತ್ತೇನೆ. ನಾನು ಓದಿದ ಕಾಲೇಜಿನಲ್ಲಿ ನಾಲ್ಕು ಜನಕ್ಕೆ ಒಂದು ಬೋರ್ಡು. "ನಿನ್ನ ಅಕ್ಷರ ಚಂದ ಅದಾವು, ನೀ ರೀಡಿಂಗ್ ಬರ್ಕೋ" ಅಂದರು. ಹೊಗಳಿದರು ಅಂತ ಹಿಗ್ಗಿದೆ. ಒಂದು ವರ್ಷ ನಾನು ತಂತಿ ಮುಟ್ಟಲಿಲ್ಲ. ಪರೀಕ್ಷೆಯಲ್ಲಿ ಡಯೋಡ್ ಜೋಡಿಸು ಅಂದಾಗ ಯಾವ ತುದಿ ಎತ್ತ ಅಂತ ತಿಳಿಯದೆ ನಿಂತೆ. ನಪಾಸಾದೆ. ಯಾರೂ ನನಗೆ 'ಮುಟ್ಟಬೇಡ' ಅಂದಿರಲಿಲ್ಲ. ಅನ್ನದೆಯೇ ನಾನು ದೂರ ನಿಂತಿದ್ದೆ, ನಮ್ಮವ್ವ ಬಾವಿ ಹತ್ತಿರ ನಿಲ್ಲುತ್ತಿದ್ದಂತೆ.

ಆಮೇಲೆ ಆರು ತಿಂಗಳು ಸಂಜೆ ಹೊತ್ತು ಲ್ಯಾಬಿನಲ್ಲಿ ಕೂತೆ. ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡೆ. ಆಗ ವಿದ್ಯೆ ಕೈಗೆ ಹತ್ತಿತು.

ಅದಕ್ಕೇ ಹೇಳುತ್ತೇನೆ. ಮೊದಲ ದಿನವೇ ಬೋರ್ಡಿಗೆ ಕೈ ಹಾಕಿ. ರೀಡಿಂಗ್ ಬರೆಯುವುದು ಸರದಿ ಪ್ರಕಾರ ಆಗಲಿ. ಹಾಸ್ಟೆಲಿನಲ್ಲಿ ನಾಲ್ಕು ಜನ ದುಡ್ಡು ಕೂಡಿಸಿ ಒಂದು ಮಲ್ಟಿಮೀಟರ್ ಕೊಳ್ಳಿ. ಕನ್ನಡ ಮಾಧ್ಯಮದವರು ರಾತ್ರಿ ಕೂತು ಇಂಗ್ಲಿಷ್ ಪುಸ್ತಕದ ಒಂದೊಂದು ಪುಟವನ್ನು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಿ. ಮೊದಲ ವರ್ಷದ ಗಣಿತ ಬಾಕಿ ಉಳಿಸಬೇಡಿ. ಮುಂದಿನ ಸರ್ಕ್ಯೂಟು, ಸಿಗ್ನಲ್ಲು ಎಲ್ಲ ಅದರ ಮೇಲೇ ನಿಂತಿವೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಗಣಿಯ ಆಳಕ್ಕೆ ಇಳಿದವರಲ್ಲಿ ದಲಿತರು ಬಹಳ ಮಂದಿ. ನಾವು ದುಡಿದೆವು, ಯಂತ್ರದ ವಿದ್ಯೆ ಬೇರೆಯವರ ಕೈಯಲ್ಲಿತ್ತು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದರು. ವಿದ್ಯುತ್ ಯೋಜನೆಯೂ ಅವರ ಹೊಣೆಯಾಗಿತ್ತು. ಅಗ್ಗದ ವಿದ್ಯುತ್ತಿನಿಂದ ಕೈಗಾರಿಕೆ, ಕೈಗಾರಿಕೆಯಿಂದ ಬಡತನದ ಬಿಡುಗಡೆ ಎಂಬುದು ಅವರ ವಿಚಾರ. ಆ ಕೆಲಸ ಇನ್ನು ನಿಮ್ಮ ಕೈಯದು.

ಮುಂದಿನ ರಜೆಗೆ ಬರುವಾಗ ಒಂದು ಸೆಲ್ಲು, ಒಂದು ಸಣ್ಣ ಬಲ್ಬು, ಎರಡು ಸ್ವಿಚ್ಚು ತನ್ನಿ. ಕೇರಿಯಲ್ಲಿ ಹೈಸ್ಕೂಲು ಓದುವ ತಂಗಿಯನ್ನು ಕೂರಿಸಿ ಅವಳ ಕೈಯಿಂದಲೇ ಜೋಡಿಸಿರಿ. ನೀವು ರೀಡಿಂಗ್ ಬರ್ಕೊಳ್ಳಿ.

ಜೈ ಭೀಮ್.