ಹಳೆಯ ಲೆನ್ಸು ಮತ್ತು ಮೂರು ಸೆಂಟಿಮೀಟರ್

(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಲಿ ಎಂದು ನನ್ನನ್ನು ಕರೆದಿದ್ದಾರೆ. ಅದನ್ನು ಹೇಳುವವರು ಈಗ ಬಹಳ ಜನ ಇದ್ದಾರೆ. ನಾನು ಈ ಚೀಲದಲ್ಲಿರುವ ಕ್ಯಾಮೆರಾದ ಬಗ್ಗೆ ಮಾತಾಡುತ್ತೇನೆ. ಇದು ರೀಲು ಹಾಕುವ ಕ್ಯಾಮೆರಾ. ಬ್ಯಾಟರಿ ಇಲ್ಲ, ಪರದೆ ಇಲ್ಲ. ಒಂದು ರೀಲಿಗೆ 36 ಚಿತ್ರ, ಅಷ್ಟೇ.

ಇದರ ಜಾತಿಗೆ ರೇಂಜ್‌ಫೈಂಡರ್ ಎನ್ನುತ್ತಾರೆ. ಮುಂಭಾಗದಲ್ಲಿ ಎರಡು ಕಿಂಡಿಗಳಿವೆ. ಒಂದರಿಂದ ನಾವು ನೋಡುತ್ತೇವೆ, ಇನ್ನೊಂದರಿಂದ ಬಂದ ಬಿಂಬ ಅದರ ನಡುವೆ ಬೀಳುತ್ತದೆ. ಎದುರಿನ ಮನುಷ್ಯನಿಗೆ ಎರಡು ಮುಖ ಕಾಣುತ್ತವೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಎರಡೂ ಒಂದಾಗುತ್ತವೆ. ಆಗ ದೂರ ಸರಿಯಾಯಿತು ಎಂದರ್ಥ. ಎರಡು ಕಿಂಡಿ, ಎದುರಿಗೊಬ್ಬ ಮನುಷ್ಯ: ಒಂದು ತ್ರಿಕೋನ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ನಡೆಯುವಾಗ ಹಿಂದಿನ ಬೆಂಚಿನಿಂದ "ಇದು ಎಲ್ಲಿ ಉಪಯೋಗಕ್ಕ ಬರ್ತೈತ್ರಿ ಸರ್?" ಎಂದು ಕೇಳಿದವನು ನಾನೇ. "ಬರ್ತೈತಿ, ತಡಿ" ಅಂದಿದ್ದರು ಗುರುಗಳು. ಹದಿನೈದು ವರ್ಷ ತಡೆಯಬೇಕಾಯಿತು.

ಒಂದು ಮಾತು ನೆನಪಿಡಿ. ಇದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಕಿಂಡಿಯ ಮೂಲಕ ನೋಡುತ್ತೇವೆ. ಲೆನ್ಸು ತಪ್ಪು ಮಾಡಿದರೆ ಆ ಹೊತ್ತಿಗೆ ಗೊತ್ತಾಗುವುದಿಲ್ಲ.

ಕ್ಯಾಮೆರಾ ಜಪಾನಿನ ಕ್ಯಾನನ್ ಪಿ, 1959ರಲ್ಲಿ ಬಂದ ಮಾದರಿ. ಇದಕ್ಕೆ ಒಳ್ಳೆಯ ಲೆನ್ಸು ಹುಡುಕಿದೆ. ಲೈಕಾದ ಹೊಸ 50 ಮಿ.ಮೀ. ಲೆನ್ಸು ಎರಡು ಲಕ್ಷ ದಾಟುತ್ತದೆ. ನಮ್ಮ ಅಜ್ಜನಿಗೆ ಹೇಳಿದ್ದರೆ, ಅದಕ್ಕೆ ಎಷ್ಟು ಕಟ್ಟು ಎಲೆ ಮಾರಬೇಕಲೇ ಎಂದು ಕೇಳುತ್ತಿದ್ದ. ಆದರೆ ಹಳೆಯ ಲೈಕಾಗಳಿಗೆ 39 ಮಿ.ಮೀ. ತಿರುಪು ಇತ್ತು. ಅದೇ ತಿರುಪನ್ನು ಜಪಾನಿನವರೂ ಸೋವಿಯತ್ ದೇಶದವರೂ ನಕಲು ಮಾಡಿದ್ದರಿಂದ ಒಬ್ಬರ ಲೆನ್ಸು ಇನ್ನೊಬ್ಬರ ಕ್ಯಾಮೆರಾಕ್ಕೆ ಕೂರುತ್ತದೆ. 1954ರ ನಂತರದ ಲೈಕಾ ಎಂ ಕ್ಯಾಮೆರಾಗಳಿಗೂ ಕೂರಿಸಬಹುದು. ನಡುವೆ ಒಂದು ಮಿ.ಮೀ. ದಪ್ಪದ ಉಂಗುರ ಸಾಕು.

ಮಕ್ಕಳಿಗೆ ಒಂದು ವಿಷಯ. ಸೋವಿಯತ್ ದೇಶದಲ್ಲಿ ಈ ನಕಲು ಕ್ಯಾಮೆರಾಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ತೊಡಗಿದ್ದು ಖಾರ್ಕಿವ್ ನಗರದ ಒಂದು ಮಕ್ಕಳ ವಸತಿ ಕೇಂದ್ರ. ಮನೆಮಠವಿಲ್ಲದ ಹುಡುಗರಿಗಾಗಿ ನಡೆಯುತ್ತಿದ್ದ ಆ ಕೇಂದ್ರವನ್ನು ಕಟ್ಟಿ ಬೆಳೆಸಿದವರು ಶಿಕ್ಷಣತಜ್ಞ ಮಕರೆಂಕೊ. ಅಲ್ಲಿನ ಹುಡುಗ ಹುಡುಗಿಯರು 1934ರಿಂದ ಫೆಡ್ ಎಂಬ ಕ್ಯಾಮೆರಾ ತಯಾರಿಸಿದರು. ಲೈಕಾದಂಥ ಸೂಕ್ಷ್ಮ ಯಂತ್ರವನ್ನು ನಿಮ್ಮಷ್ಟು ವಯಸ್ಸಿನವರು ಜೋಡಿಸಿದ್ದರು.

ನಾನು ಕೊಂಡದ್ದು ಜುಪಿಟರ್-8, ನಾಲ್ಕು ಸಾವಿರದ ಒಳಗೆ. ಅದರ ಸಂಖ್ಯೆಯ ಮೊದಲ ಎರಡು ಅಂಕಿ 64, ಅಂದರೆ 1964ರಲ್ಲಿ ತಯಾರಾದದ್ದು. ಮೂಲ ವಿನ್ಯಾಸ ಜರ್ಮನಿಯ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೋನಾರ್. ಎರಡನೇ ಮಹಾಯುದ್ಧದ ನಂತರ ಅದು ಸೋವಿಯತ್ ಕಾರ್ಖಾನೆಗಳಿಗೆ ಹೋಯಿತು. ಕೊಳ್ಳುವಾಗ ಟಾರ್ಚ್ ಹಿಡಿದು ಒಳಗೆ ಬೂಷ್ಟು ಇದೆಯೇ ನೋಡಿದೆ, ಉಂಗುರ ಸಲೀಸಾಗಿ ತಿರುಗುತ್ತದೆಯೇ ನೋಡಿದೆ. ನೋಡಬೇಕಾದ ಮುಖ್ಯ ಸಂಗತಿಯನ್ನು ನೋಡಲಿಲ್ಲ.

2017ರ ದೀಪಾವಳಿಗೆ ಊರಿಗೆ ಬಂದಾಗ ಅಜ್ಜ ಎಲೆತೋಟದಲ್ಲಿದ್ದ. ಸವಣೂರಿನವರಿಗೆ ಎಲೆತೋಟ ವರ್ಣಿಸಬೇಕಿಲ್ಲ. ನಡುಮಧ್ಯಾಹ್ನವೂ ಒಳಗೆ ಮಬ್ಬು, ತಂಪು. ಬೆಳಕು ಸಾಲದೆ ಲೆನ್ಸನ್ನು ಪೂರ್ತಿ ತೆರೆದೆ. ಒಂದು ಮೀಟರ್ ದೂರ ಕೂತು ಅಜ್ಜನ ಕಣ್ಣಿಗೆ ಎರಡೂ ಬಿಂಬ ಕೂಡಿಸಿದೆ. "ಮುಗೀತೇನೋ ತಮ್ಮಾ?" ಅಂದ. ಮುಗೀತು ಅಂದೆ. ಹನ್ನೊಂದು ಚಿತ್ರ.

ಬೆಂಗಳೂರಿನಲ್ಲಿ ರೀಲು ತೊಳೆಸಿ ನೋಡಿದರೆ ಹನ್ನೊಂದರಲ್ಲೂ ಕಣ್ಣು ಮಸುಕು. ಕಪಾಳದ ಅಂಚಿನ ಬಿಳಿಗೂದಲು ಮಾತ್ರ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಮುಂದಿನ ಯುಗಾದಿಗೆ ಮತ್ತೆ ತೆಗೆದರಾಯಿತು ಅಂದುಕೊಂಡೆ. ಯುಗಾದಿಗೆ ಅಜ್ಜ ಇರಲಿಲ್ಲ.

ಆಮೇಲೆ ಪರೀಕ್ಷೆ ಮಾಡಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಅಳತೆ ಟೇಪನ್ನು ನನ್ನಿಂದ ದೂರಕ್ಕೆ ಹೋಗುವಂತೆ ಹಾಸಿ, ಒಂದು ಮೀಟರಿನ ಗುರುತಿಗೆ ಬಿಂಬ ಕೂಡಿಸಿ ಆರು ಚಿತ್ರ ತೆಗೆದೆ. ಸ್ಪಷ್ಟವಾಗಿ ಬಂದದ್ದು ಅದಕ್ಕಿಂತ ಮೂರು ಸೆಂಟಿಮೀಟರ್ ಹಿಂದಿನ ಗುರುತು. ಕಾರಣ ನಮ್ಮ ವಿಜ್ಞಾನ ಪುಸ್ತಕದ ಸಂಗಮ ದೂರವೇ. ಮೇಲೆ 50 ಎಂದು ಬರೆದಿದ್ದರೂ ಲೈಕಾ ಪದ್ಧತಿಯ ಕ್ಯಾಮೆರಾಗಳ ಲೆಕ್ಕ 51.6 ಮಿ.ಮೀ., ಸೋನಾರ್ ವಂಶದ ಈ ಲೆನ್ಸಿನದು 52.4. ದೂರದ ವಸ್ತುವಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಹತ್ತಿರದ ಮುಖಕ್ಕೆ ಕಾಣುತ್ತದೆ. ಲೆನ್ಸಿನ ಬಾಯಿ ಕಿರಿದು ಮಾಡಿ 5.6ಕ್ಕೆ ಇಟ್ಟರೆ ಮುಚ್ಚಿಹೋಗುತ್ತದೆ. ರಿಪೇರಿಯವರು ಒಳಗಿನ ತೆಳು ಉಂಗುರ ಬದಲಿಸಿ ಹತ್ತಿರದ್ದನ್ನು ಸರಿಮಾಡಬಲ್ಲರು, ಆಗ ದೂರದ್ದು ತಪ್ಪುತ್ತದೆ. ಸೋವಿಯತ್ ಕ್ಯಾಮೆರಾಕ್ಕೇ ಹಾಕಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಹಾಗಾಗಿ ತಪ್ಪು ಕ್ಯಾಮೆರಾದ್ದಲ್ಲ, ಲೆನ್ಸಿನದೂ ಅಲ್ಲ. ಒಂದು ರೀಲಿನ ಖರ್ಚು ಉಳಿಸಿ, ಪರೀಕ್ಷಿಸದೆ ಅಜ್ಜನ ಮುಂದೆ ಹೋಗಿ ಕೂತವನು ನಾನು. ಆಫೀಸಿನಲ್ಲಿ ಮಾತ್ರ ಟೆಸ್ಟ್ ಮಾಡದ ಪ್ರೋಗ್ರಾಂ ಹೊರಗೆ ಬಿಡಬಾರದು ಎಂದು ಹುಡುಗರಿಗೆ ದಿನಾ ಬಯ್ಯುತ್ತೇನೆ.

ಲೆನ್ಸು ಮಾರಲಿಲ್ಲ. ಈಗ ಎರಡು ಬಿಂಬ ಕೂಡಿದ ಮೇಲೆ ಉಸಿರು ಬಿಟ್ಟು ಮೂರು ಸೆಂಟಿಮೀಟರ್ ಹಿಂದಕ್ಕೆ ವಾಲಿ ಗುಂಡಿ ಒತ್ತುತ್ತೇನೆ. ಹತ್ತರಲ್ಲಿ ಏಳು ಸರಿ ಬರುತ್ತವೆ. ಮರುವರ್ಷ ದೊಡ್ಡಹುಣಸೆ ಮಠದ ಮೂರು ಮರಗಳನ್ನೂ ಇದರಲ್ಲೇ ತೆಗೆದೆ. ಅವು ಚೌಕಟ್ಟಿನಲ್ಲಿ ಹಿಡಿಯದೆ ಹಿಂದೆ ಹಿಂದೆ ನಡೆದು ಗೋಡೆಗೆ ಬೆನ್ನು ತಾಗಿತು. 2023ರ ಮಳೆಗಾಲದಲ್ಲಿ ಒಂದು ಮರ ಬಿದ್ದು, ಅದನ್ನು ಎತ್ತಿ ಮತ್ತೆ ನೆಟ್ಟದ್ದು ನಿಮಗೆಲ್ಲ ಗೊತ್ತು. ಮೂರೂ ತಮ್ಮ ತಮ್ಮ ಜಾಗದಲ್ಲೇ ನಿಂತಿರುವ ಆ ಚಿತ್ರವನ್ನು ಶಾಲೆಗೆ ತಂದಿದ್ದೇನೆ, ಮುಖ್ಯ ಗುರುಗಳು ಸ್ವೀಕರಿಸಬೇಕು.

ಅಜ್ಜನ ಚಿತ್ರವೊಂದನ್ನು ಅವ್ವ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ. ಬಂದವರು ಚಲೋ ಬಂದೈತಿ ಅನ್ನುತ್ತಾರೆ. ನಾನು ಸುಮ್ಮನಿರುತ್ತೇನೆ.

ಕ್ಯಾಮೆರಾದಲ್ಲಿ ಇನ್ನೂ 22 ಚಿತ್ರ ಉಳಿದಿವೆ. ನೋಡಬೇಕೆನ್ನುವ ಮಕ್ಕಳು ನಾಳೆ ಬೆಳಿಗ್ಗೆ ಏಳಕ್ಕೆ ಮಠದ ಹತ್ತಿರ ಬನ್ನಿ, ಒಬ್ಬೊಬ್ಬರಿಗೆ ಒಂದೊಂದು. ಗಣಿತದ ಗುರುಗಳು ಇಲ್ಲೇ ಮೊದಲ ಸಾಲಿನಲ್ಲಿದ್ದಾರೆ. ಸರ್, ನಿಮ್ಮದೊಂದು ತೆಗೀತೀನ್ರಿ, ಹೊರಗ ಬಿಸಿಲಿಗೆ ಬರ್ರಿ.